ಗಾಳಿ ಮರದ ತೊಗಟೆ ಗುಳ್ಳೆ ರೋಗ: ನಮ್ಮ ತೋಪಿನಲ್ಲಿ ಮಾಡಿದ್ದು

ನಮ್ಮದು ಹೊನ್ನಾವರ ಕಡೆಯ ಮರಳು ಜಾಗ. ತೆಂಗು ಬಿಟ್ಟರೆ ಗಾಳಿ ಮರವೇ (ಸರ್ವೆ) ಗತಿ. 5-6 ವರ್ಷಕ್ಕೆ ಕಂಬಕ್ಕೆ ಬರುತ್ತದೆ, ಗೊಬ್ಬರದ ಖರ್ಚೂ ಕಡಿಮೆ. ಆದರೆ ತೊಗಟೆ ಗುಳ್ಳೆ ರೋಗ ಹೊಕ್ಕಿತೋ, ಸಾಲು ಸಾಲೇ ಒಣಗುತ್ತದೆ.

ಮೊದಲು ಎಲೆ ಸೊರಗುತ್ತದೆ. ನೀರು ಸಾಲದೆ ಹೀಗಾಯ್ತು ಅಂತ ಅನ್ನಿಸುವುದು ಸಹಜ, ಅಲ್ವಾ? ಕಾಂಡ ನೋಡಬೇಕು. ತೊಗಟೆ ಅಲ್ಲಲ್ಲಿ ಉಬ್ಬಿ ಸೀಳಿರುತ್ತದೆ. ಒಳಗೆ ಮಸಿಯಂಥ ಕಪ್ಪು ಪುಡಿ. ಅದು ಟ್ರೈಕೋಸ್ಪೋರಿಯಂ ಎಂಬ ಶಿಲೀಂಧ್ರದ ಬೀಜಕಣ. ಸುಮ್ನೆ ಕೆರೆಯುತ್ತಾ ಹೋಗಬೇಡಿ, ಪುಡಿ ಗಾಳಿಗೆ ಹಾರುತ್ತದೆ. ಆ ಹಂತಕ್ಕೆ ಬಂದ ಮರ ಉಳಿಯುವುದಿಲ್ಲ.

ಔಷಧಿ ಅಂಗಡಿಯಲ್ಲಿ ಸಿಂಪಡಣೆಗೆ ಹೇಳಿದರು. 30 ಅಡಿ ಮರಕ್ಕೆ, ಅದೂ ತೊಗಟೆಯ ಒಳಗಿನ ರೋಗಕ್ಕೆ, ಹೊರಗಿಂದ ಹೊಡೆದು ಏನು ಪ್ರಯೋಜನ? ಆ ದುಡ್ಡನ್ನು ಕಾಲುವೆ ತೋಡಿಸಲು ಹಾಕಿದೆ. ಸತ್ತ ಮರಗಳೆಲ್ಲ ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗಿನಲ್ಲೇ ಇದ್ದವು. ನೀರು ನಿಂತಲ್ಲಿ ಬೇರು ಸೋಲುತ್ತದೆ, ರೋಗಕ್ಕೆ ದಾರಿಯಾಗುತ್ತದೆ.

ರೋಗದ ಮರಗಳ ಜೊತೆ, ಪಕ್ಕದಲ್ಲಿ ಚೆನ್ನಾಗಿ ಕಾಣುತ್ತಿದ್ದ ಒಂದು ಸುತ್ತಿನ ಮರಗಳನ್ನೂ ಕಡಿಸಿದೆ. ಮನೆಯಲ್ಲಿ ಇದಕ್ಕೆ ಸಿಕ್ಕಾಪಟ್ಟೆ ಬೈಗುಳ. ಆದರೆ ಒತ್ತಾಗಿ ಬೆಳೆದ ಮರಗಳ ಬೇರು ಒಂದಕ್ಕೊಂದು ತಾಗಿರುತ್ತವೆ, ರೋಗ ಮಣ್ಣೊಳಗೇ ದಾಟುತ್ತದೆ. ಹಾಗಾಗಿ ಸುತ್ತ ಕಂದಕ ಹೊಡೆಸಿ ಬೇರಿನ ಕೊಂಡಿ ತಪ್ಪಿಸಿದೆ. ಬುಡ, ತೊಗಟೆ, ಸೊಪ್ಪು ಎಲ್ಲವನ್ನೂ ಅಲ್ಲೇ ಸುಟ್ಟೆವು.

ರೋಗ ಹರಡುವ ಇನ್ನೊಂದು ದಾರಿ ಕತ್ತಿ. ಸೌದೆಗೆಂದು ಕೆಳಗಿನ ಕೊಂಬೆ ಸವರುವುದು ನಮ್ಮಲ್ಲಿ ರೂಢಿ. ಕೊಂಬೆ ಸಿಗಿದು ಕಾಂಡದ ಸಿಪ್ಪೆ ಎದ್ದರೆ ಅಲ್ಲಿಂದಲೇ ಶಿಲೀಂಧ್ರ ಒಳಗೆ. ಈಗ ಸವರುವುದು ಜನವರಿ-ಫೆಬ್ರವರಿಯ ಒಣ ದಿನಗಳಲ್ಲಿ ಮಾತ್ರ. ಅನುಮಾನದ ಮರವನ್ನು ಕೊನೆಗೆ ಮುಟ್ಟಬೇಕು, ಆಮೇಲೆ ಕತ್ತಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಆಳುಗಳು ಮೊದಲು ನಕ್ಕರು, ಈಗ ಅವರೇ ಸ್ಪಿರಿಟ್ ಕೇಳುತ್ತಾರೆ.

ಮರುನೆಡುವಾಗ, ಗಾಳಿ ಮರದ ಇನ್ನೊಂದು ಜಾತಿಯಾದ ಜುಂಗುಹ್ನಿಯಾನಾದ ಮಿಶ್ರತಳಿ ತಂದೆ. ಈ ರೋಗ ತಡೆಯುವ ಶಕ್ತಿ ಅದಕ್ಕೆ ಜಾಸ್ತಿ. ಕೊಯಮತ್ತೂರಿನ ಅರಣ್ಯ ತಳಿ ಸಂಸ್ಥೆ ಇಂಥ ತಳಿಗಳನ್ನು ಬಿಡುಗಡೆ ಮಾಡಿದೆ. ಆದರೂ ಒಂದೇ ತಾಯಿಮರದ ಕಡ್ಡಿಯಿಂದ ಮಾಡಿದ ಸಸಿಯನ್ನು ತೋಪು ತುಂಬ ಹಾಕಲಿಲ್ಲ. ಒಂದಕ್ಕೆ ತಗಲಿದ್ದು ಎಲ್ಲಕ್ಕೂ ತಗಲುತ್ತದೆ. ಮೂರು ತಳಿ ತೋಪಿನ ಬೇರೆ ಬೇರೆ ಪಟ್ಟೆಗಳಲ್ಲಿವೆ. ಕಂಬ ಒಂದೇ ದಪ್ಪ ಬರುವುದಿಲ್ಲ ಅಂತ ವ್ಯಾಪಾರಿ ಗೊಣಗುತ್ತಾನೆ. ತಗ್ಗಿನ ಜಾಗಕ್ಕೆ ಸುರಹೊನ್ನೆ ಹಾಕಿದ್ದೇನೆ. ಅದು ಬೆಳೆಯುವುದು ನಿಧಾನ, ಇರಲಿ.