ವಿನ್ನಿಪೆಗ್‌ನ ಚಳಿಗಾಲ: ನಿವೃತ್ತ ದಂಪತಿಗಳ ದಿನಚರಿಗೆ ಬೇಕಾದ ಸಿದ್ಧತೆ

ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ ವಿನ್ನಿಪೆಗ್‌ನಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಾಂಶ ಸುಮಾರು ಮೈನಸ್ 16 ಡಿಗ್ರಿ ಸೆಲ್ಸಿಯಸ್; ಕೆಲವು ರಾತ್ರಿಗಳಲ್ಲಿ ಅದು ಮೈನಸ್ 30ಕ್ಕಿಂತಲೂ ಕೆಳಗಿಳಿಯುತ್ತದೆ. ದುಡಿಯುವವರು ಹೇಗಿದ್ದರೂ ಬೆಳಿಗ್ಗೆ ಎದ್ದು ಹೊರಡಲೇಬೇಕು. ನಿವೃತ್ತರಿಗೆ ಅಂಥ ಒತ್ತಾಯವಿಲ್ಲದ ಕಾರಣ ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತಲೇ ವಾರಗಟ್ಟಲೆ ಮನೆಯೊಳಗೆ ಉಳಿದುಬಿಡುವುದು ಸುಲಭ. ಮಂಡಿ ಬಿಗಿಯುವುದು, ನಿದ್ರೆ ಕೆಡುವುದು, ಇಬ್ಬರೂ ಒಬ್ಬರಿಗೊಬ್ಬರು ಸಿಡುಕುವುದು ಶುರುವಾಗುವುದೇ ಅಲ್ಲಿಂದ. ಆದುದರಿಂದ ಇಲ್ಲಿಯೇ ದುಡಿದು ನಿವೃತ್ತರಾದವರಾಗಲಿ, ಮಕ್ಕಳ ಮನೆಗೆ ಬಂದಿರುವ ತಂದೆತಾಯಿಯರಾಗಲಿ, ದಿನಕ್ಕೊಮ್ಮೆ ಹೊಸ್ತಿಲು ದಾಟುವುದನ್ನು ಊಟದಷ್ಟೇ ಖಚಿತವಾದ ಕೆಲಸವೆಂದು ಇಟ್ಟುಕೊಂಡು, ಮಿಕ್ಕ ಏರ್ಪಾಡುಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಒಳ್ಳೆಯದು.

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಡಿಸೆಂಬರ್ ಮೂರನೆಯ ವಾರದಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಬೆಳಿಗ್ಗೆ ಸುಮಾರು ಎಂಟೂಕಾಲು ಕಳೆದಿರುತ್ತದೆ, ಸಂಜೆ ನಾಲ್ಕೂವರೆಗೆ ಮುಳುಗಿಯೂ ಆಗಿರುತ್ತದೆ. ನಮ್ಮ ಕಡೆ ರೂಢಿಯಲ್ಲಿರುವ ನಸುಕಿನ ವಾಕಿಂಗ್ ಇಲ್ಲಿ ಕೂಡದು. ಹನ್ನೆರಡರಿಂದ ಮೂರರವರೆಗಿನ ಬಿಸಿಲೇ ಸರಿಯಾದ ಸಮಯ. ಚಳಿ ಹೆಚ್ಚಾದ ದಿನಗಳಲ್ಲಿ ಆಕಾಶ ಬಹುಮಟ್ಟಿಗೆ ಶುಭ್ರವಾಗಿದ್ದು, ಒಳ್ಳೆಯ ಬಿಸಿಲು ಇರುತ್ತದೆ. ಕಿಟಕಿಯಿಂದ ನೋಡಿ ಮೋಸಹೋಗಬಾರದು, ಅಷ್ಟೆ.

ಹೊರಡುವ ಮುನ್ನ ಬರೀ ಉಷ್ಣಾಂಶವನ್ನು ನೋಡಿದರೆ ಸಾಲದು, ಗಾಳಿಯ ವೇಗವನ್ನೂ ಸೇರಿಸಿ ಲೆಕ್ಕಹಾಕಿದ ‘ವಿಂಡ್ ಚಿಲ್’ ಅಂಕಿಯನ್ನು ನೋಡಬೇಕು. ಅದು ಮೈನಸ್ 28ರಿಂದ 39ರೊಳಗಿದ್ದರೆ ತೆರೆದ ಚರ್ಮ 10ರಿಂದ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40ರಿಂದ 47ರವರೆಗೆ ಆ ಅವಧಿ 5ರಿಂದ 10 ನಿಮಿಷ. ಮೈನಸ್ 40 ದಾಟಿದ ದಿನ ಬಯಲಿನ ನಡಿಗೆ ಬಿಟ್ಟು ಚಾವಣಿಯ ಕೆಳಗೆ ನಡೆಯಿರಿ. ಇಬ್ಬರೂ ಜೊತೆಯಾಗಿ ಹೊರಡುವುದರಿಂದ ಒಂದು ದೊಡ್ಡ ಉಪಯೋಗವಿದೆ: ಮೂಗಿನ ತುದಿ, ಕೆನ್ನೆ, ಕಿವಿಗಳು ಮೇಣದಂತೆ ಬಿಳಿಚಿಕೊಂಡದ್ದು ನಮಗೇ ತಿಳಿಯುವುದಿಲ್ಲ, ಎದುರಿನವರಿಗೆ ಕಾಣುತ್ತದೆ. ಹಾಗೆ ಕಂಡರೆ ಉಜ್ಜಬಾರದು. ಬೆಚ್ಚಗಿನ ಅಂಗೈಯನ್ನು ಅದರ ಮೇಲಿಟ್ಟು ಕೂಡಲೇ ಒಳಗೆ ಬರಬೇಕು. ಒಳಗೆ ಬಂದ ಮೇಲೂ ಸ್ಪರ್ಶ ಮರಳದಿದ್ದರೆ ವೈದ್ಯರಿಗೆ ತೋರಿಸಬೇಕು.

ಬಟ್ಟೆಯ ವಿಷಯದಲ್ಲಿ ಊರಿನಿಂದ ತಂದ ದಪ್ಪ ಸ್ವೆಟರು, ಶಾಲು, ಮಂಕಿ ಕ್ಯಾಪುಗಳು ಮನೆಯೊಳಕ್ಕೆ ಸಾಕು. ಹೊರಗೆ ಮೂರು ಪದರ ಬೇಕು: ಮೈಗೆ ಅಂಟಿದಂತೆ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕೂ ಮೇಲೆ ಗಾಳಿ ತೂರದ ಉದ್ದನೆಯ ಕೋಟು. ಹತ್ತಿಯ ಬನಿಯನ್ ಬೆವರನ್ನು ಹಿಡಿದಿಟ್ಟುಕೊಂಡು ಮೈಯನ್ನು ತಣ್ಣಗಾಗಿಸುವುದರಿಂದ ಒಳಪದರಕ್ಕೆ ಹತ್ತಿ ಬೇಡ. ಸೀರೆಯನ್ನು ಬಿಡಲೊಲ್ಲದ ಮನೆಯಾಕೆ ಅದರೊಳಗೆ ಥರ್ಮಲ್ ಪ್ಯಾಂಟು ಹಾಕಿಕೊಂಡು ದೇವಸ್ಥಾನಕ್ಕೋ ಯಾರ ಮನೆಗೋ ಕಾರಿನಲ್ಲಿ ಹೋಗಿಬರಬಹುದು, ಆದರೆ ನಡಿಗೆಗೆ ಸೀರೆ ಸಲ್ಲದು. ನೆರಿಗೆಗೆ ಹಿಮ ಮೆತ್ತಿಕೊಂಡು ಒದ್ದೆಯಾಗುವುದಲ್ಲದೆ ಕಾಲಿಗೂ ತೊಡರುತ್ತದೆ. ಬೆರಳುಗಳು ಬೇರೆ ಬೇರೆಯಾಗಿರುವ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಮಿಟನ್ ಹೆಚ್ಚು ಬೆಚ್ಚಗಿರುತ್ತದೆ.

ಹಣ ಖರ್ಚುಮಾಡಬೇಕಾದದ್ದು ಬೂಟಿಗೆ. ವಯಸ್ಸಾದವರಿಗೆ ಇಲ್ಲಿ ಚಳಿಗಿಂತ ಹೆಚ್ಚಿನ ಅಪಾಯ ಜಾರಿ ಬೀಳುವುದು. ಸೊಂಟದ ಮೂಳೆ ಮುರಿದರೆ ಆ ಚಳಿಗಾಲವೇ ಹೋದಂತೆ. ಟೊರಾಂಟೊದ ಪುನಶ್ಚೇತನ ಸಂಶೋಧಕರು ಬೂಟುಗಳನ್ನು ಮಂಜುಗಡ್ಡೆಯ ಇಳಿಜಾರಿನಲ್ಲಿ ಪರೀಕ್ಷಿಸಿ ಹಿಡಿತಕ್ಕೆ ತಕ್ಕಂತೆ ಒಂದು, ಎರಡು, ಮೂರು ಹಿಮಹರಳುಗಳ ಗುರುತು ಕೊಡುವ ಪದ್ಧತಿಯನ್ನು ರೂಪಿಸಿದ್ದಾರೆ. ಕೊಳ್ಳುವ ಮೊದಲು ಆ ಪಟ್ಟಿಯನ್ನು ಮಕ್ಕಳಿಂದ ಹುಡುಕಿಸಿ ನೋಡಿ. ದಪ್ಪ ಕಾಲುಚೀಲ ಹಿಡಿಸುವಷ್ಟು ಸಡಿಲವಿರಲಿ, ಏಕೆಂದರೆ ಬಿಗಿಯಾದ ಬೂಟಿನಲ್ಲಿ ರಕ್ತ ಸರಿಯಾಗಿ ಓಡಾಡದೆ ಬೆರಳುಗಳು ಬೇಗ ಮರಗಟ್ಟುತ್ತವೆ. ಬೂಟಿನ ಕೆಳಗೆ ಸಿಕ್ಕಿಸುವ ಮುಳ್ಳುಪಟ್ಟಿಗಳು ಮಂಜುಗಡ್ಡೆಯ ಮೇಲೆ ಬಹಳ ಉಪಯುಕ್ತವಾದರೂ ಅಂಗಡಿಯ ನುಣ್ಣನೆಯ ನೆಲದ ಮೇಲೆ ಅವೇ ಜಾರಿಸುತ್ತವೆ, ಬಾಗಿಲಲ್ಲೇ ಬಿಚ್ಚಿಡಬೇಕು. ಮನೆಯ ಮೆಟ್ಟಿಲಿಗೆ ಹಾಕುವ ಸಾಮಾನ್ಯ ಉಪ್ಪು ಮೈನಸ್ 10ರಿಂದ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ, ಮರಳು ಚೆಲ್ಲಿ. ಜೇಬಿನಿಂದ ಕೈ ಹೊರಗಿಟ್ಟು, ಪಾದವನ್ನು ಪೂರ್ತಿಯಾಗಿ ಊರಿ, ಸಣ್ಣ ಹೆಜ್ಜೆ ಹಾಕಿ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಮಾರ್ಚ್ ತಿಂಗಳಲ್ಲಿ ಈ ಎಚ್ಚರಿಕೆ ಜನವರಿಗಿಂತಲೂ ಹೆಚ್ಚು ಬೇಕು.

ಹಿಮ ಗೋರುವುದು ಹೃದಯಕ್ಕೆ ಭಾರದ ಕೆಲಸ. ತಣ್ಣನೆಯ ಗಾಳಿಗೆ ರಕ್ತನಾಳಗಳು ಸಂಕುಚಿಸಿರುವಾಗಲೇ ತೋಳಿನ ಶ್ರಮ ರಕ್ತದೊತ್ತಡವನ್ನು ಏರಿಸುತ್ತದೆ. ಹೃದಯದ ತೊಂದರೆ ಅಥವಾ ಬಿ.ಪಿ. ಇರುವ ಯಜಮಾನರು ಅಭಿಮಾನ ಬಿಟ್ಟು ಪಕ್ಕದ ಮನೆಯ ಹುಡುಗನಿಗೆ ಕಾಸು ಕೊಟ್ಟು ಮಾಡಿಸುವುದೇ ಮೇಲು. ಆರೋಗ್ಯವಾಗಿರುವವರು ಕೂಡ ಎತ್ತಿ ಎಸೆಯುವ ಬದಲು ತಳ್ಳಬೇಕು, ಊಟವಾದ ಕೂಡಲೇ ಹೋಗಬಾರದು.

ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಹೊಸ ಬಗೆಯ ಫರ್ನೇಸುಗಳ ಗಾಳಿಕೊಳವೆಗಳು ಪಕ್ಕದ ಗೋಡೆಯಿಂದ ಹೊರಬಂದಿರುತ್ತವೆ. ದೊಡ್ಡ ಹಿಮಪಾತವಾದ ಮೇಲೆ ಅವುಗಳ ಬಾಯಿ ಮುಚ್ಚಿಹೋಗಿಲ್ಲವೆಂದು ನೋಡಬೇಕು, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಪತ್ತೆಹಚ್ಚುವ ಅಲಾರಂ ಸುಸ್ಥಿತಿಯಲ್ಲಿರಬೇಕು. ಒಳಗಿನ ಗಾಳಿ ವಿಪರೀತ ಒಣಗುವುದರಿಂದ ಚರ್ಮ ಬಿರಿಯುತ್ತದೆ, ಆದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರನ್ನು ಮನಬಂದಂತೆ ಏರಿಸಿದರೆ ತೇವವೆಲ್ಲ ಕಿಟಕಿಯ ಗಾಜಿನ ಮೇಲೆ ಹೆಪ್ಪುಗಟ್ಟಿ ಚೌಕಟ್ಟು ಬೂಷ್ಟು ಹಿಡಿಯುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಅದನ್ನು ತಗ್ಗಿಸುವುದು ಕ್ರಮ. ಸಾರು ಕುದಿಸುವಾಗ ಒಲೆಯ ಮೇಲಿನ ಫ್ಯಾನು ಹಾಕುವುದನ್ನು ಮರೆಯಬೇಡಿ. ದೋಸೆ ಹಿಟ್ಟು ಅಡುಗೆಮನೆಯ ಕಟ್ಟೆಯ ಮೇಲೆ ಉಬ್ಬುವುದಿಲ್ಲ. ಓವನ್ನನ್ನು ಉರಿಸದೆ ಅದರ ದೀಪವನ್ನಷ್ಟೇ ಹಾಕಿ ಒಳಗಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿಬರುತ್ತದೆ. ಮೊಸರಿಗೆ ಹೆಪ್ಪು ಹಾಕುವುದಕ್ಕೂ ಅದೇ ಉಪಾಯ. ಕರಿಬೇವಿನ ಕುಂಡವನ್ನು ದಕ್ಷಿಣದ ಕಿಟಕಿಯ ಬಳಿ ಇಡಿ, ಆದರೆ ಎಲೆ ಗಾಜಿಗೆ ತಾಗಬಾರದು.

ನೆಲದೊಳಗಿನ ಶೈತ್ಯ ನಿಧಾನವಾಗಿ ಕೆಳಗಿಳಿಯುವುದರಿಂದ ನೀರಿನ ಕೊಳವೆಗಳು ಹೆಪ್ಪುಗಟ್ಟುವ ಅಪಾಯ ಚಳಿಗಾಲದ ಕೊನೆಯಲ್ಲೇ ಹೆಚ್ಚು. 2014ರಲ್ಲಿ ಈ ಊರಿನ 2,000ಕ್ಕೂ ಹೆಚ್ಚು ಕಟ್ಟಡಗಳಿಗೆ ನೀರು ನಿಂತುಹೋಗಿತ್ತು. ನಲ್ಲಿಯ ನೀರು ಎಂದಿಗಿಂತ ತಣ್ಣಗಾದರೆ ಅಥವಾ ಸಣ್ಣಗಾದರೆ 311ಕ್ಕೆ ಕರೆಮಾಡಿ ನಗರಪಾಲಿಕೆಗೆ ತಿಳಿಸಿ.

ಕಾರಿನ ಮುಂಭಾಗದಲ್ಲಿ ನೇತಾಡುವ ಪ್ಲಗ್ಗು ಇಂಜಿನ್ನನ್ನು ಬೆಚ್ಚಗಿಡುವ ಬ್ಲಾಕ್ ಹೀಟರಿನದು. ಇಡೀ ರಾತ್ರಿ ಚುಚ್ಚಿಡಬೇಕಿಲ್ಲ, ಹೊರಡುವ ಮೂರು ನಾಲ್ಕು ಗಂಟೆ ಮೊದಲು ಚಾಲೂ ಆಗುವಂತೆ ಟೈಮರ್ ಹಾಕಿದರೆ ಸಾಕು. ಕಾರಿನೊಳಗೆ ಕಂಬಳಿ, ಸಲಿಕೆ, ಸ್ವಲ್ಪ ಮರಳು ಇರಲಿ.

ತೀರಾ ಚಳಿಯ ದಿನಗಳಿಗೆ ಈ ಊರು ಒಳ್ಳೆಯ ಅನುಕೂಲಗಳನ್ನು ಮಾಡಿಕೊಂಡಿದೆ. ಪೇಟೆಯ ಮಧ್ಯಭಾಗದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಸೇರಿಸುವ ಮುಚ್ಚಿದ ಮೇಲ್ಸೇತುವೆಗಳಿವೆ. ಅವುಗಳೊಳಗೇ ನಡೆದು ಮಿಲೇನಿಯಮ್ ಗ್ರಂಥಾಲಯವನ್ನು ತಲುಪಿ ಮಧ್ಯಾಹ್ನ ಕಳೆಯಬಹುದು. ದೊಡ್ಡ ಮಾಲ್‌ಗಳಲ್ಲಿ ಸುತ್ತು ಹಾಕುವ ಹಿರಿಯರ ಗುಂಪುಗಳಲ್ಲಿ ಪರಿಚಯವೂ ಬೆಳೆಯುತ್ತದೆ. ನನ್ನ ಮೆಚ್ಚಿನ ಜಾಗ ಅಸಿನಿಬೊಯಿನ್ ಪಾರ್ಕಿನಲ್ಲಿ 2022ರ ಡಿಸೆಂಬರಿನಲ್ಲಿ ತೆರೆದ ‘ದಿ ಲೀಫ್’ ಎಂಬ ಗಾಜಿನ ಉದ್ಯಾನ. ಉಷ್ಣವಲಯದ ಗಿಡಗಳ ನಡುವೆ ಬೆಚ್ಚನೆಯ ತೇವದ ಗಾಳಿಯಲ್ಲಿ ಒಂದು ಗಂಟೆ ಕೂತರೆ ಮಲೆನಾಡಿನವರಿಗೆ ತವರಿಗೆ ಹೋಗಿಬಂದ ಹಾಗಾಗುತ್ತದೆ. ನದಿ ಚೆನ್ನಾಗಿ ಹೆಪ್ಪುಗಟ್ಟಿದ ವರ್ಷ ಎರಡು ನದಿಗಳು ಕೂಡುವ ‘ದಿ ಫೋರ್ಕ್ಸ್’ ಬಳಿ ಅದರ ಮೇಲೆ ದಾರಿ ಮಾಡುತ್ತಾರೆ; ಸ್ಕೇಟಿಂಗ್ ಬಾರದವರೂ ಅಲ್ಲಿ ನಡೆಯಬಹುದು. ದಾರಿ ತೆರೆದಿದೆಯೆಂಬ ಪ್ರಕಟಣೆ ಇಲ್ಲದೆ ನದಿಗೆ ಇಳಿಯಲೇಬಾರದು.

ಈ ಅಕ್ಷಾಂಶದಲ್ಲಿ ಚಳಿಗಾಲದ ಬಿಸಿಲಿನಿಂದ ವಿಟಮಿನ್ ಡಿ ಸಿಗದು. ಐವತ್ತು ದಾಟಿದವರು ದಿನಕ್ಕೆ 400 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಮಾತ್ರೆ ತೆಗೆದುಕೊಳ್ಳಬೇಕೆಂಬುದು ಕೆನಡಾದ ಆಹಾರ ಸಲಹೆ. ಮಕ್ಕಳ ಬಳಿಗೆ ಬರುವ ತಂದೆತಾಯಿಯರಿಗೆ ಕೊಡುವ ಸೂಪರ್ ವೀಸಾದಲ್ಲಿ ಬಂದವರು ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಹೊಂದಿರಲೇಬೇಕು, ಅದರ ಚೀಟಿ ಮತ್ತು ಮಾತ್ರೆಗಳ ಪಟ್ಟಿ ಕೋಟಿನ ಒಳಜೇಬಿನಲ್ಲಿರಲಿ.

ಚಳಿಗಾಲವನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಳೆಯಹೊರಟ ದಂಪತಿಗಳು ನೀರಿನ ಮುಖ್ಯ ನಲ್ಲಿಯನ್ನು ಮುಚ್ಚಿ, ಕೊಳವೆಗಳಲ್ಲಿ ಉಳಿದ ನೀರನ್ನು ಹರಿಯಬಿಟ್ಟು, ಫರ್ನೇಸನ್ನು ಆರಿಸದೆ ಹೋಗಬೇಕು. ಖಾಲಿ ಮನೆಯನ್ನು ಯಾರಾದರೂ ನಿಯಮಿತವಾಗಿ ನೋಡಿಬಾರದಿದ್ದರೆ ಕೊಳವೆ ಒಡೆದ ನಷ್ಟವನ್ನು ಅನೇಕ ವಿಮೆಗಳು ತುಂಬಿಕೊಡುವುದಿಲ್ಲವಾದ್ದರಿಂದ ಷರತ್ತನ್ನು ಓದಿ, ಬೀಗದ ಕೈಯನ್ನು ನಂಬಿಕಸ್ಥರಿಗೆ ಕೊಡಿ. ಮಾರ್ಚಿನಲ್ಲಿ ಮರಳುವಾಗ ಕೋಟು, ಟೋಪಿ, ಮಿಟನ್‌ಗಳು ವಿಮಾನದೊಳಗಿನ ಕೈಚೀಲದಲ್ಲೇ ಇರಲಿ; ದೊಡ್ಡ ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ನಿಲ್ದಾಣದಿಂದ ಮನೆಯವರೆಗಿನ ದಾರಿಗೆ ತೊಂದರೆಯಾಗುವುದಿಲ್ಲ.