ಹಿತ್ತಲಲ್ಲಿ ಒಂದು ಏರುಮಡಿ

ನಮ್ಮದು ಕೆಂಗೇರಿ ಕಡೆ ಥರ್ಟಿ-ಫಾರ್ಟಿ ಸೈಟು. ಮನೆ ಕಟ್ಟುವಾಗಿನ ಜಲ್ಲಿ, ಇಟ್ಟಿಗೆ ಚೂರು, ಗಾರೆ ಎಲ್ಲ ಹಿತ್ತಲಲ್ಲೇ ಹೂತು ಹೋಗಿತ್ತು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಹಾಗೇ ನೆಟ್ಟ ಬದನೆ ಗಿಡಗಳು ಸೆಪ್ಟೆಂಬರ್ ಮಳೆಗೆ ನೀರು ನಿಂತು ಕೊಳೆತವು. ಅಗೆದು ಸರಿಮಾಡುವ ಆಸೆ ಬಿಟ್ಟು, ನೆಲದ ಮೇಲೆಯೇ ಏರುಮಡಿ, ಅಂದರೆ ಸುತ್ತ ಕಟ್ಟೆ ಇಟ್ಟು ಮಣ್ಣು ತುಂಬಿದ ಎತ್ತರದ ಪಾತಿ, ಕಟ್ಟಿದೆ.

ಕಟ್ಟುವುದು ಒಂದು ಭಾನುವಾರದ ಕೆಲಸ. 6 ಇಂಚಿನ ಸಾಲಿಡ್ ಬ್ಲಾಕುಗಳನ್ನು ಮಲಗಿಸಿ ಎರಡು ವರಸೆ ಇಟ್ಟರೆ ಒಂದು ಅಡಿ ಎತ್ತರ. ಸಿಮೆಂಟ್ ಹಾಕಲಿಲ್ಲ, ಸಂದಿಯಲ್ಲಿ ನೀರು ಬಸಿದು ಹೋಗಲಿ ಅಂತ. ಕಾಂಪೌಂಡಿಗೆ ತೇವ ಹತ್ತದಂತೆ ಒಂದೂವರೆ ಅಡಿ ಜಾಗ ಬಿಟ್ಟೆ. ಅಗಲ 4 ಅಡಿ ಇರಲಿ ಅಂದುಕೊಂಡಿದ್ದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರೆ ನಡುವಿನವರೆಗೆ ಎಟುಕಲೇ ಇಲ್ಲ. 3 ಅಡಿಗೆ ಇಳಿಸಿದೆ. ಉದ್ದ 8 ಅಡಿ.

ಲೆಕ್ಕ ತಪ್ಪಿದ್ದು ಮಣ್ಣಿನಲ್ಲಿ. 8 ಅಡಿ, 3 ಅಡಿ, 1 ಅಡಿ ಅಂದರೆ 24 ಘನ ಅಡಿ. ಸಿಮೆಂಟ್ ಚೀಲದ ಲೆಕ್ಕದಲ್ಲಿ ಹತ್ತಿರ ಹತ್ತಿರ 20 ಚೀಲ! ಎಂಟು ಚೀಲ ತರಿಸಿ ಸಾಕು ಅಂದುಕೊಂಡಿದ್ದೆ, ಅದು ಅರ್ಧಕ್ಕೂ ಬರಲಿಲ್ಲ. ಕೊನೆಗೆ ಅರ್ಧ ಕೆಂಪು ಮಣ್ಣು, ಉಳಿದರ್ಧದಲ್ಲಿ ಜಾಸ್ತಿ ಕೊಟ್ಟಿಗೆ ಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ ಬೆರೆಸಿದೆ.

ಆ ಗೊಬ್ಬರವೇ ಕೈಕೊಟ್ಟಿದ್ದು. ದಂಟಿನ ಸಸಿಗಳು ನಾಲ್ಕು ಎಲೆ ಬಿಟ್ಟ ಮೇಲೆ ಒಂದೊಂದೇ ಬಾಡತೊಡಗಿದವು. ನೀರು ಸಾಲದೇನೋ ಅಂತ ಇನ್ನಷ್ಟು ಹಾಕಿದೆ. ಒಂದನ್ನು ಮೆಲ್ಲಗೆ ಎಳೆದರೆ ಸಲೀಸಾಗಿ ಕೈಗೆ ಬಂತು, ಕೆಳಗೆ ಬೇರೇ ಇಲ್ಲ. ಕೆದಕಿದರೆ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳು, ಕಂದು ತಲೆ, ಸುರುಳಿ ಸುತ್ತಿ ಮಲಗಿದೆ. ಅಮ್ಮ ಒಂದು ಹಿಡಿ ಮಣ್ಣು ಮೂಸಿದರು. "ಇನ್ನೂ ಸಗಣಿ ವಾಸನೆ ಬರ್ತಿದೆ ಕಣೋ. ಇದು ಕಳಿತಿಲ್ಲ. ಯಾರು ಕೊಟ್ಟಿದ್ದು?" ಪಕ್ಕದ ಬೀದಿಯ ಹಸು ಸಾಕಿದವರು, ಬಿಟ್ಟಿಯಾಗಿ. ಸುಮ್ನೆ ಕೊಟ್ಟರಲ್ಲ ಅಂತ ನಾನೂ ನೋಡಿರಲಿಲ್ಲ.

ಮಡಿಯನ್ನೆಲ್ಲ ತಾರ್ಪಾಲಿನ ಮೇಲೆ ಸುರಿದು 63 ಹುಳು ಆರಿಸಿದೆವು. ಗೊರವಂಕಗಳಿಗೆ ಅವತ್ತು ಹಬ್ಬ. ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬಿಸಿ, ನೀರು ಚಿಮುಕಿಸುತ್ತಾ ಎರಡು ತಿಂಗಳು ಬಿಟ್ಟೆ. ಮಣ್ಣು ಮೂರು ಇಂಚು ಕುಸಿಯಿತು, ಈ ಸಲ ಕಾಸು ಕೊಟ್ಟು ಎರೆಹುಳು ಗೊಬ್ಬರ ತಂದು ಮೇಲಕ್ಕೆ ಹಾಕಿದೆ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕ ಬೆಂಡೆ ಬೀಜ ಸಿಕ್ಕಿತು. ಎಲೆ ಹಳದಿಯಾಗುವ ನಂಜು ರೋಗವನ್ನು ತಡೆಯಲಿ ಅಂತ ಅಭಿವೃದ್ಧಿಪಡಿಸಿದ ತಳಿ. ರಾತ್ರಿ ನೆನೆಸಿಟ್ಟು, ಗೋಡೆ ಕಡೆ ಅಡಿಗೊಂದು ಊರಿದೆ. ದಂಟಿನ ಬೀಜ ಸಣ್ಣದು, ಒಂದೇ ಕಡೆ ಬೀಳುತ್ತದೆ; ಮರಳಿನಲ್ಲಿ ಕಲಸಿ ಚೆಲ್ಲಿದೆ. ಅಂಚಿಗೆ ಮೆಂತ್ಯ. ಅದಂತೂ ಅಡುಗೆಮನೆ ಡಬ್ಬಿಯದೇ.

ಮೆಂತ್ಯ 25ನೇ ದಿನಕ್ಕೆ ಬೇಳೆ ಸಾರಿಗಾಯಿತು. ಬೆಂಡೆ ಹೂ ಬಿಟ್ಟಿದೆ. ಮಳೆ ಬಂದ ರಾತ್ರಿ ಬ್ಲಾಕಿನ ಸಂದಿಯಿಂದ ಬಸವನಹುಳುಗಳು ಹತ್ತುತ್ತವೆ. ಊಟ ಆದ ಮೇಲೆ ಟಾರ್ಚು, ಉಪ್ಪುನೀರಿನ ಬಕೆಟ್ಟು ಹಿಡಿದು ಹೊರಡುತ್ತೇನೆ.