ಗಡಿಯಾರ ಬಿಟ್ಟ ಮೇಲೆ ಹಳಿಗೆ ಬಂದ ದಿನಚರಿ

ಕೀಲುಗಳು ಊದಿ ಬಿಗಿಯುವ ರುಮಟಾಯ್ಡ್ ಆರ್ತ್ರೈಟಿಸ್‌ನ ಬೆಳಗಿನ ಬಿಗಿತ ಅಲಾರಂ ಮಾತು ಕೇಳುವುದಿಲ್ಲ. ನನ್ನ ಬೆರಳ ಗೆಣ್ಣು ಸಡಿಲವಾಗಲು ಒಂದು ಗಂಟೆ ಬೇಕು, ಮಳೆಗಾಲದಲ್ಲಿ ಒಂದೂವರೆ. ಫ್ರಿಜ್ಜಿಗೆ ಅಂಟಿಸಿದ ವೇಳಾಪಟ್ಟಿ, ಮೊಬೈಲಿನ ರಿಮೈಂಡರ್ ಎರಡೂ ಕೈಕೊಟ್ಟಿದ್ದು ಇಲ್ಲೇ. ಒಂದು ಕೆಲಸ ತಡವಾದರೆ ಉಳಿದದ್ದೆಲ್ಲ ಹಳ್ಳ ಹಿಡಿಯುತ್ತಿತ್ತು. ಈಗ ಪಟ್ಟಿಯಲ್ಲಿ ಗಂಟೆಯೇ ಇಲ್ಲ. ಯಾವುದಾದ ಮೇಲೆ ಯಾವುದು, ಅಷ್ಟೇ. "ಇದೆಲ್ಲ ನಾಲ್ಕು ದಿನದ ಆಟ" ಅಂದವರ ಮನೆಗಿಂತ ಮೊದಲು ನಮ್ಮನೆಯಲ್ಲಿ ಊಟದ ಡಬ್ಬಿ ಕಟ್ಟಿರುತ್ತದೆ.

ಮೊದಲನೆಯದು ಥೈರಾಯ್ಡ್ ಮಾತ್ರೆ. ಬಾಟಲಿ ಮುಚ್ಚಳ ಬೆಳಿಗ್ಗೆ ತಿರುಗುವುದಿಲ್ಲ, ಹಾಗಾಗಿ ರಾತ್ರಿಯೇ ಒಂದು ಮಾತ್ರೆ ಪುಟ್ಟ ಡಬ್ಬಿಗೆ, ಪಕ್ಕದಲ್ಲಿ ನೀರು. ಅದಾದ ಮೇಲೆ ಕಾಫಿಗೆ ಮುಕ್ಕಾಲು ಗಂಟೆ ಹೇಗೂ ಕಾಯಲೇಬೇಕಲ್ಲ, ಆ ಹೊತ್ತನ್ನು ಬಿಗಿತಕ್ಕೆ ಕೊಟ್ಟೆ. ಕೈ ತಡೆಯುವಷ್ಟು ಬಿಸಿನೀರಲ್ಲಿ 10 ನಿಮಿಷ ಬೆರಳು ಮಡಚಿ ಬಿಡಿಸುವುದು, ಆಮೇಲೆ ಮಣಿಕಟ್ಟು, ಭುಜ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ. ಎರಡರ ನಡುವೆ 4 ಗಂಟೆ ಬಿಡದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ತೋರಿಸುವ ಟಿಎಸ್‌ಎಚ್ ಏರುತ್ತದೆ.

ಕೈ ಚುರುಕಾಗಿರುವುದು ಸಂಜೆ. ಕಾಯಿ ತುರಿಯುವುದು, ತರಕಾರಿ ಹೆಚ್ಚುವುದು ಆಗಲೇ. ದೋಸೆಹಿಟ್ಟನ್ನು ಗ್ರೈಂಡರ್ ಪಾತ್ರೆ ಎತ್ತಿ ಬಗ್ಗಿಸುವುದಿಲ್ಲ, ಸೌಟಿನಲ್ಲಿ ತೋಡುತ್ತೇನೆ. 5 ಲೀಟರ್ ಕುಕ್ಕರ್ ಅಟ್ಟ ಸೇರಿತು. 2 ಲೀಟರಿನದನ್ನೇ ಎರಡು ಸಲ ಇಡುವುದು ಮಣಿಕಟ್ಟಿಗೆ ಲೇಸು. ಮುದ್ದೆ ತಿರುವುವುದಕ್ಕೂ ನನ್ನದೊಂದು ಉಪಾಯವಿದೆ, ಅದು ನನಗೇ ಇರಲಿ.

ಮೈ ಹಗುರಾದ ದಿನವೇ ದಿನಚರಿ ಹೆಚ್ಚಾಗಿ ಮುರಿಯುವುದು. ಅಟ್ಟ, ಬೀರು, ಕಿಟಕಿ ಒಟ್ಟಿಗೆ ಹಿಡಿದರೆ ಮುಂದಿನ ಎರಡು ದಿನ ಹಾಸಿಗೆ. ಇಂಥ ಹೆಚ್ಚುವರಿ ಕೆಲಸ ದಿನಕ್ಕೊಂದೇ, 20 ನಿಮಿಷ. ಟೈಮರ್ ಬೇಕಾಗಿರುವುದು ಇದಕ್ಕೆ. ಊತ ಬಂದ ದಿನ ಮಾತ್ರೆ, ಬಿಸಿನೀರು, ಅನ್ನ-ಸಾರು, ಮೂರೇ. ಆದರೂ ಅದೇ ಸಾಲಿನಲ್ಲಿ.

ಆರ್ತ್ರೈಟಿಸ್‌ಗೆ ವಾರಕ್ಕೊಮ್ಮೆ ನುಂಗುವ ಮಾತ್ರೆ ಮೆಥೋಟ್ರೆಕ್ಸೇಟ್ ಶನಿವಾರ ರಾತ್ರಿ ಊಟವಾದ ಮೇಲೆ. ಭಾನುವಾರದ ವಾಕರಿಕೆ, ಸುಸ್ತು ಯಾರ ಡಬ್ಬಿಗೂ ಅಡ್ಡ ಬರುವುದಿಲ್ಲ. ಸ್ಟ್ರಿಪ್ ಮೇಲೆ ಮಾರ್ಕರಿನಲ್ಲಿ "ಶನಿ" ಎಂದು ಬರೆದು ದಿನದ ಮಾತ್ರೆಗಳಿಂದ ದೂರ ಇಡಿ. ವಾರಕ್ಕೊಮ್ಮೆಯದನ್ನು ದಿನಾ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ವಿಟಮಿನ್ ಡಾಕ್ಟರು ಹೇಳಿದ ಬೇರೆ ದಿನ. ಜ್ವರವಿದ್ದರೆ ಆ ವಾರದ್ದನ್ನು ಅವರನ್ನು ಕೇಳದೆ ತೆಗೆದುಕೊಳ್ಳುವುದಿಲ್ಲ.

ನಡುವೆ ಬಿಸಿ ಮೇಣದಲ್ಲಿ ಕೈ ಅದ್ದುವ ಪ್ರಯೋಗವೂ ಮನೆಯಲ್ಲೇ ಆಯಿತು. ಫಿಸಿಯೊಥೆರಪಿಯಲ್ಲಿ ಸಲಕ್ಕೆ ಮುನ್ನೂರರ ಆಸುಪಾಸು ಕೊಟ್ಟು ಸಾಕಾಗಿತ್ತು. ಮೇಣದಬತ್ತಿ ಕರಗಿಸಲು ಹೋಗಬೇಡಿ, ಅದು ಕರಗುವ ಶಾಖಕ್ಕೇ ಚರ್ಮ ಸುಡುತ್ತದೆ. ಬೇಗ ಕರಗುವ ಫಿಸಿಯೊ ಮೇಣ 7 ಪಾಲು, ಲಿಕ್ವಿಡ್ ಪ್ಯಾರಾಫಿನ್ 1 ಪಾಲು. 50 ಡಿಗ್ರಿ ಸುತ್ತಮುತ್ತ ಇದೆಯೆಂದು ಥರ್ಮಾಮೀಟರಿನಲ್ಲಿ ನೋಡಿಯೇ ಕೈ ಅದ್ದಬೇಕು. ಏಳೆಂಟು ಸಲ ಅದ್ದಿ, ಪ್ಲಾಸ್ಟಿಕ್ ಕವರ್, ಟವೆಲ್ ಸುತ್ತಿ ಕಾಲು ಗಂಟೆ. ಸುಖವೇನೋ ಹೌದು. ಕರಗಲು ಗಂಟೆ ಹಿಡಿಯುವುದರಿಂದ ಬೆಳಗಿಗೆ ಬಾರದು, ರಾತ್ರಿಗೆ ಇಟ್ಟುಕೊಂಡಿದ್ದೇನೆ. ಪಾತ್ರೆ ಸೇರಿ ಸಾವಿರದೈನೂರು ಆಗಿರಬೇಕು. ಮೆಥೋಟ್ರೆಕ್ಸೇಟ್ ನುಂಗುವುದರಿಂದ ಎರಡು-ಮೂರು ತಿಂಗಳಿಗೊಮ್ಮೆ ರಕ್ತ, ಲಿವರ್ ಪರೀಕ್ಷೆಗೆ ಏಳೆಂಟುನೂರು ಬೇರೆ. ಅದರಲ್ಲಿ ಉಳಿತಾಯ ಮಾಡುವಂತಿಲ್ಲ. ಉಳಿತಾಯವಾಗಿದ್ದು ಹಿಡಿಗಳಲ್ಲಿ: ದಪ್ಪ ಹಿಡಿಯ ಚಾಕು, ಸೌಟು ಕೊಳ್ಳುವ ಬದಲು ಹಳೇ ಸೈಕಲ್ ಟ್ಯೂಬ್ ಸುತ್ತಿದೆ. ಸೈಕಲ್ ಶಾಪಿನವರು ದುಡ್ಡೇ ತೆಗೆದುಕೊಳ್ಳಲಿಲ್ಲ.